ಮಕ್ಕಳ ಬರವಣಿಗೆಗೆ ಕಂಪ್ಯೂಟರ್: ಕೆಂಪು ಶಾಯಿಗಿಂತ ಮೊದಲೇ ಬರಲಿ

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಕನ್ನಡ ಕಲಿಸುವ ಶಿಕ್ಷಕಿ. ತರಗತಿಯಲ್ಲಿ 32 ಮಕ್ಕಳಿದ್ದಾರೆ. ಈ ವರ್ಷ ನಮಗೆ ನಾಲ್ಕು ಕಂಪ್ಯೂಟರ್‌ಗಳೂ ಒಂದು ಪ್ರಿಂಟರೂ ಸಿಕ್ಕಿವೆ. ಇವುಗಳಿಂದ ಮಕ್ಕಳ ಬರವಣಿಗೆ ಸುಧಾರಿಸಬೇಕು ಎಂಬುದು ಶಾಲೆಯ ಅಪೇಕ್ಷೆ. ಮಕ್ಕಳು ನೋಟ್‌ಬುಕ್ಕಿನಲ್ಲಿ ಪ್ರಬಂಧ ಬರೆಯುವುದು, ನಾನು ತಿದ್ದಿಕೊಡುವುದು, ಆಮೇಲೆ ಅವರು ಅದನ್ನು ಟೈಪ್ ಮಾಡಿ ಮುದ್ರಿಸುವುದು ಎಂದು ಸದ್ಯಕ್ಕೆ ಯೋಚಿಸಿದ್ದೇವೆ. ಇದರಿಂದ ಬರವಣಿಗೆ ನಿಜವಾಗಿ ಸುಧಾರಿಸುತ್ತದೆಯೇ? ಕೈಬರಹ ಕೆಡುವುದಿಲ್ಲವೇ? ನಾಲ್ಕೇ ಯಂತ್ರಗಳನ್ನು ಇಟ್ಟುಕೊಂಡು ಎಲ್ಲಿಂದ ಆರಂಭಿಸಲಿ?

ಉತ್ತರ: ಈಗಿರುವ ಯೋಜನೆಯಂತೆ ನಡೆದರೆ ಮಕ್ಕಳು ಟೈಪ್ ಮಾಡುವುದನ್ನು ಕಲಿಯುತ್ತಾರೆ, ಬರೆಯುವುದನ್ನು ಹೆಚ್ಚೇನೂ ಕಲಿಯುವುದಿಲ್ಲ. ನೀವು ತಿದ್ದಿಕೊಟ್ಟ ಪ್ರಬಂಧ ಮಗುವಿನ ಕೈಗೆ ಮರಳುವ ಹೊತ್ತಿಗೆ ಅದರ ಬಗೆಗಿನ ತೀರ್ಮಾನಗಳೆಲ್ಲ ಮುಗಿದಿರುತ್ತವೆ. ಯಾವ ವಾಕ್ಯ ಇರಬೇಕು, ಯಾವುದು ಹೋಗಬೇಕು, ಎಲ್ಲಿ ಇನ್ನಷ್ಟು ಹೇಳಬೇಕು ಎಂಬುದನ್ನೆಲ್ಲ ನಿಮ್ಮ ಕೆಂಪು ಶಾಯಿಯೇ ನಿರ್ಧರಿಸಿಬಿಟ್ಟಿರುತ್ತದೆ. ಮಗುವಿಗೆ ಉಳಿಯುವುದು ನಕಲು ಮಾಡುವ ಕೆಲಸ ಮಾತ್ರ. ಅದಕ್ಕೆ ನೋಟ್‌ಬುಕ್ಕೇ ಸಾಕು. ಕಂಪ್ಯೂಟರನ್ನು ಪ್ರಬಂಧದ ಕೊನೆಯ ಹಂತದಿಂದ ನಡುವಿನ ಹಂತಕ್ಕೆ, ಅಂದರೆ ಮಗು ಮೊದಲ ಕರಡನ್ನು ಬರೆದ ಮೇಲೆ ಮತ್ತು ನೀವು ತಿದ್ದುವ ಮೊದಲು ತನ್ನಿ ಎಂಬುದೇ ನನ್ನ ಮುಖ್ಯ ಸಲಹೆ. ಉಳಿದ ಏರ್ಪಾಡುಗಳೆಲ್ಲ ಈ ಒಂದು ಬದಲಾವಣೆಯನ್ನು ಅನುಸರಿಸಿ ಬರುತ್ತವೆ.

ಒಂಬತ್ತು ವರ್ಷದ ಮಗು ಕಾಗದದ ಮೇಲೆ ತನ್ನ ಬರಹವನ್ನು ತಾನೇ ಸುಧಾರಿಸಬೇಕಾದಾಗ ಏನಾಗುತ್ತದೆ ಎಂಬುದನ್ನು ಗಮನಿಸಿದರೆ ಇದರ ಕಾರಣ ತಿಳಿಯುತ್ತದೆ. ಪುಟದ ನಡುವೆ ಎರಡು ವಾಕ್ಯ ಸೇರಿಸಲು ಜಾಗವಿಲ್ಲ. ಸೇರಿಸಲೇಬೇಕೆಂದರೆ ಪುಟವನ್ನೆಲ್ಲ ಮತ್ತೆ ಬರೆಯಬೇಕು. ಬೆರಳುಗಳು ಇನ್ನೂ ಬಲಿಯದ ವಯಸ್ಸಿನಲ್ಲಿ ಅದು ಶಿಕ್ಷೆಯೇ ಸರಿ. ಹಾಗಾಗಿ ಮಗು ಮೊದಲು ಬರೆದದ್ದನ್ನೇ ಕೊನೆಯದೆಂದು ಒಪ್ಪಿಕೊಂಡುಬಿಡುತ್ತದೆ, ಅಥವಾ ಹೊಸದಾಗಿ ಹೊಳೆದದ್ದನ್ನು ಜಾಗವಿರುವ ಕಡೆ, ಎಂದರೆ ಕಟ್ಟಕಡೆಗೆ, ಸೇರಿಸುತ್ತದೆ. ಮಕ್ಕಳ ಪ್ರಬಂಧಗಳ ಕೊನೆಯಲ್ಲಿ ಎಲ್ಲಿಯೋ ಇರಬೇಕಾದ ಸಂಗತಿಗಳು ಗುಂಪಾಗಿ ಬಂದು ಕೂತಿರುವುದನ್ನು ನೀವು ನೋಡಿರುತ್ತೀರಿ. ಅದಕ್ಕೆ ಯೋಚನೆಯ ಗೊಂದಲವಷ್ಟೇ ಕಾರಣವಲ್ಲ, ಕಾಗದದ ಇಕ್ಕಟ್ಟೂ ಕಾರಣ. ಮಕ್ಕಳಿಗಾಗಿ ಲೋಗೋ ಎಂಬ ಕಂಪ್ಯೂಟರ್ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದವರಲ್ಲಿ ಒಬ್ಬರಾದ ಸೇಮರ್ ಪೇಪರ್ಟ್ 1980ರಲ್ಲೇ ಈ ಮಾತನ್ನು ಎತ್ತಿದ್ದರು. ದೊಡ್ಡವರ ಪಾಲಿಗೆ ಬರವಣಿಗೆ ಎಂದರೆ ಒರಟು ಕರಡನ್ನು ಮಾಡಿ ಬಹುಕಾಲ ತಿದ್ದುವುದು, ಆದರೆ ಮರುಬರಹದ ಶ್ರಮದಿಂದಾಗಿ ಮಕ್ಕಳಿಗೆ ಆ ಅನುಭವವೇ ಸಿಗುವುದಿಲ್ಲ, ಕಂಪ್ಯೂಟರ್ ಆ ಅಡ್ಡಿಯನ್ನು ತೆಗೆಯಬಲ್ಲದು ಎಂಬುದು ಅವರ ವಾದ. ಅದು ಇಂದಿಗೂ ಸರಿಯಾಗಿಯೇ ಇದೆ ಎಂದು ನನ್ನ ನಂಬಿಕೆ. ಬರಹದ ನಡುಭಾಗವನ್ನು ಮಗುವಿಗೆ ತೆರೆದುಕೊಡುವುದು ಕಂಪ್ಯೂಟರಿನ ನಿಜವಾದ ಕೊಡುಗೆ.

ಆದರೆ ತಿದ್ದುವುದು ಸುಲಭವಾದ ಮಾತ್ರಕ್ಕೆ ಮಕ್ಕಳು ತಿದ್ದುತ್ತಾರೆ ಎಂದು ಭಾವಿಸಬಾರದು. 1980ರ ದಶಕದಲ್ಲಿ ಪ್ರಾಥಮಿಕ ತರಗತಿಗಳಿಗೆ ವರ್ಡ್ ಪ್ರೊಸೆಸರ್ (ಕಂಪ್ಯೂಟರಿನಲ್ಲಿ ಬರೆದು ತಿದ್ದುವ ತಂತ್ರಾಂಶ) ಬಂದಾಗ ನಡೆದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡದ್ದೇನೆಂದರೆ, ಯಾರೂ ಕಲಿಸದೆ ಬಿಟ್ಟರೆ ಮಕ್ಕಳು ಮೇಲ್ಮೈಯನ್ನಷ್ಟೇ ತಿದ್ದುತ್ತಾರೆ: ಒಂದು ಕಾಗುಣಿತ, ಒಂದು ಪದ, ಒಂದು ಪೂರ್ಣವಿರಾಮ. ಬರಹದ ಒಡಲು ಹಾಗೆಯೇ ಉಳಿಯುತ್ತದೆ. ಬರವಣಿಗೆಯ ಸಂಶೋಧಕರಾದ ಕಾರ್ಲ್ ಬೆರೈಟರ್ ಮತ್ತು ಮಾರ್ಲೀನ್ ಸ್ಕಾರ್ಡಮೇಲಿಯಾ 1987ರಲ್ಲಿ ಇದಕ್ಕೆ ಒಳ್ಳೆಯ ವಿವರಣೆ ಕೊಟ್ಟರು. ಎಳೆಯ ಬರಹಗಾರ ವಿಷಯದ ಬಗ್ಗೆ ತನಗೆ ನೆನಪಾದದ್ದನ್ನು ನೆನಪಾದ ಕ್ರಮದಲ್ಲಿ ಹೇಳಿ ಮುಗಿಸುತ್ತಾನೆ. ಪಳಗಿದ ಬರಹಗಾರ ಬರೆಯುತ್ತಲೇ ತನಗೆ ತಿಳಿದದ್ದನ್ನು ಮರುಜೋಡಿಸುತ್ತಾನೆ, ಓದುಗನಿಗೆ ಏನು ಬೇಕು ಎಂದು ಲೆಕ್ಕ ಹಾಕುತ್ತಾನೆ. ಮೊದಲನೆಯ ಬಗೆಯಿಂದ ಎರಡನೆಯದಕ್ಕೆ ಮಗುವನ್ನು ಯಾವ ಯಂತ್ರವೂ ತಾನಾಗಿ ಕೊಂಡೊಯ್ಯುವುದಿಲ್ಲ. ಆ ದಾರಿಯಲ್ಲಿ ಮಗುವಿಗೆ ಬೇಕಾದದ್ದು ತನ್ನ ಬರಹವನ್ನು ಓದಿ, ಅರ್ಥವಾಗದ ಕಡೆ ನಿಲ್ಲಿಸಿ ಕೇಳುವ ಇನ್ನೊಬ್ಬ ವ್ಯಕ್ತಿ.

ಒಂದು ಉದಾಹರಣೆ ನೋಡೋಣ. ಮಗು ಹೀಗೆ ಬರೆದಿದೆ ಎಂದುಕೊಳ್ಳಿ: ‘ನಮ್ಮ ನಾಯಿ ಕಳೆದುಹೋಯಿತು. ನಾವು ತುಂಬಾ ಹುಡುಕಿದೆವು. ಆಮೇಲೆ ಸಿಕ್ಕಿತು. ನಮಗೆ ಸಂತೋಷವಾಯಿತು.’ ಇದರಲ್ಲಿ ಕೆಂಪು ಶಾಯಿಗೆ ಸಿಗುವ ತಪ್ಪು ಒಂದೂ ಇಲ್ಲ. ನೀವು ‘ಚೆನ್ನಾಗಿದೆ’ ಎಂದು ಸಹಿ ಹಾಕಿ ಕೊಟ್ಟುಬಿಡಬಹುದು. ಆದರೆ ಪಕ್ಕದಲ್ಲಿ ಕೂತ ಗೆಳತಿ ಇದನ್ನು ಓದಿ, ‘ಎಲ್ಲೆಲ್ಲಿ ಹುಡುಕಿದಿರಿ? ಮೊದಲು ಯಾರು ನೋಡಿದರು? ನಾಯಿ ಏನು ಮಾಡುತ್ತಿತ್ತು?’ ಎಂದು ಕೇಳಿದಳೆನ್ನಿ. ಮಗು ಬಾಯಲ್ಲಿ ಎಲ್ಲವನ್ನೂ ಹೇಳುತ್ತದೆ, ಉತ್ಸಾಹದಿಂದ, ಕೈಬಾಯಿ ತಿರುಗಿಸಿ ಹೇಳುತ್ತದೆ. ಆಗ ನೀವು ಕರ್ಸರನ್ನು ‘ಹುಡುಕಿದೆವು’ ಎಂಬ ಪದದ ಮುಂದೆ ತಂದಿಟ್ಟು, ‘ಈಗ ಹೇಳಿದೆಯಲ್ಲ, ಅದನ್ನೇ ಇಲ್ಲಿ ಬರೆ’ ಎನ್ನಬೇಕು. ಕಾಗದದ ಮೇಲಾದರೆ ಮಗು ಮುಖ ಸಣ್ಣದು ಮಾಡುತ್ತದೆ. ಪರದೆಯ ಮೇಲೆ ಉಳಿದ ವಾಕ್ಯಗಳು ತಾವಾಗಿ ಕೆಳಗೆ ಸರಿದು ಜಾಗ ಬಿಡುತ್ತವೆ. ಪ್ರಶ್ನೆ ಬಂದದ್ದು ಓದಿದ ಗೆಳತಿಯಿಂದ, ಉತ್ತರ ಬಂದದ್ದು ಮಗುವಿನಿಂದ, ಜಾಗ ಮಾಡಿಕೊಟ್ಟದ್ದು ಯಂತ್ರ. ಈ ಮೂರೂ ಒಟ್ಟಿಗಿದ್ದಾಗ ಮಾತ್ರ ಬರವಣಿಗೆ ಬೆಳೆಯುತ್ತದೆ.

ಸಂಶೋಧನೆಯ ಅಂಕಿಗಳೂ ಇದನ್ನೇ ಹೇಳುತ್ತವೆ. ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ ನಾಲ್ಕರಿಂದ ಹನ್ನೆರಡನೆಯ ತರಗತಿಯವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ವರ್ಡ್ ಪ್ರೊಸೆಸರ್ ಬಳಕೆಯಿಂದ ಬರಹದ ಗುಣಮಟ್ಟಕ್ಕೆ ಸಿಕ್ಕ ಲಾಭ ಮಾನಕ ವಿಚಲನೆಯ (ಮಕ್ಕಳ ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬುದರ) ಅಳತೆಯಲ್ಲಿ 0.55ರಷ್ಟಿತ್ತು. ಯೋಜಿಸುವ, ಪರಿಷ್ಕರಿಸುವ ತಂತ್ರಗಳನ್ನು ನೇರವಾಗಿ ಕಲಿಸಿದಾಗ ಸಿಕ್ಕ ಲಾಭ 0.82. ಗ್ರಹಾಂ ಮತ್ತು ಸಂಗಡಿಗರು 2012ರಲ್ಲಿ ಪ್ರಾಥಮಿಕ ತರಗತಿಗಳಿಗಷ್ಟೇ ಸೀಮಿತವಾಗಿ ಮಾಡಿದ ಇಂಥದೇ ವಿಶ್ಲೇಷಣೆಯಲ್ಲಿ ವರ್ಡ್ ಪ್ರೊಸೆಸರಿನ ಪಾಲು 0.47, ತಂತ್ರಗಳ ಬೋಧನೆಯದು 1.02, ಮಕ್ಕಳು ಪರಸ್ಪರ ನೆರವಾಗಿ ಬರೆಯುವುದರದು 0.89. ಈ ಅಂಕಿಗಳನ್ನು ನಾನು ಹೀಗೆ ಓದಿಕೊಳ್ಳುತ್ತೇನೆ: ಯಂತ್ರದಿಂದ ಪ್ರಯೋಜನವಿದೆ, ಅದು ಕಡೆಗಣಿಸುವಷ್ಟು ಸಣ್ಣದೂ ಅಲ್ಲ; ಆದರೆ ಶಿಕ್ಷಕಿಯ ಬೋಧನೆ ಮತ್ತು ಸಹಪಾಠಿಯ ಪ್ರಶ್ನೆ ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಯಂತ್ರ ಕೆಟ್ಟು ನಿಂತ ದಿನವೂ ನಿಮ್ಮ ಬರವಣಿಗೆ ತರಗತಿ ನಡೆಯುವಂತಿರಬೇಕು.

ಕೈಬರಹದ ಬಗ್ಗೆ ನಿಮಗಿರುವ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕರಿನ್ ಜೇಮ್ಸ್ ಮತ್ತು ಲಾರಾ ಎಂಗೆಲ್‌ಹಾರ್ಟ್ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇನ್ನೂ ಓದಲು ಬಾರದ ಐದು ವರ್ಷದ ಮಕ್ಕಳಲ್ಲಿ, ಕೈಯಿಂದ ಬರೆದು ಕಲಿತ ಅಕ್ಷರಗಳನ್ನು ನೋಡುವಾಗ ಮಿದುಳಿನಲ್ಲಿ ಓದಿಗೆ ಸಂಬಂಧಿಸಿದ ಭಾಗಗಳು ಚುರುಕಾದವು. ಕೀಲಿ ಒತ್ತಿ ಕಲಿತ ಅಕ್ಷರಗಳಿಗೆ ಹಾಗಾಗಲಿಲ್ಲ. ಆದ್ದರಿಂದ ಅಕ್ಷರ ಕಲಿಯುವ ಒಂದು ಮತ್ತು ಎರಡನೆಯ ತರಗತಿಗಳಲ್ಲಿ ಕೈಯೇ ಮೊದಲು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ನಿಮ್ಮ ಮಕ್ಕಳು ಆ ಹಂತ ದಾಟಿದ್ದಾರೆ. ಒಂದಷ್ಟು ಹೊತ್ತು ಕೀಲಿಮಣೆ ಮುಟ್ಟಿದ ಮಾತ್ರಕ್ಕೆ ನಾಲ್ಕನೆಯ ತರಗತಿಯ ಮಗುವಿನ ಕೈಬರಹ ಕೆಡುವುದಿಲ್ಲ. ಅದು ಕೆಡುವುದು ಬರೆಯುವ ಅವಕಾಶವೇ ಕಡಿಮೆಯಾದಾಗ. ಮೊದಲ ಕರಡು, ಟಿಪ್ಪಣಿ, ಉಕ್ತಲೇಖನ, ದಿನಚರಿ ಎಲ್ಲವೂ ಸದ್ಯಕ್ಕೆ ನೋಟ್‌ಬುಕ್ಕಿನಲ್ಲೇ ಮುಂದುವರಿಯಲಿ.

ನಿಜವಾದ ಅಪಾಯ ಇನ್ನೊಂದು ದಿಕ್ಕಿನಲ್ಲಿದೆ, ಅದರ ಬಗ್ಗೆ ಶಾಲೆಗಳು ಸಾಮಾನ್ಯವಾಗಿ ಯೋಚಿಸುವುದಿಲ್ಲ. ವಿನ್ಸೆಂಟ್ ಕಾನಲಿ ಮತ್ತು ಸಂಗಡಿಗರು ಬ್ರಿಟನ್ನಿನ ಪ್ರಾಥಮಿಕ ಶಾಲಾ ಮಕ್ಕಳ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಹುಪಾಲು ಮಕ್ಕಳು ಕೀಲಿಮಣೆಗಿಂತ ಕೈಯಲ್ಲೇ ವೇಗವಾಗಿ ಬರೆಯುತ್ತಿದ್ದರು. ಅದಕ್ಕಿಂತ ಮುಖ್ಯವಾಗಿ, ಅದೇ ಮಕ್ಕಳು ಟೈಪ್ ಮಾಡಿ ರಚಿಸಿದ ಬರಹ ಕೈಯಲ್ಲಿ ಬರೆದುದಕ್ಕಿಂತ ಗುಣಮಟ್ಟದಲ್ಲಿ ಎರಡು ವರ್ಷದವರೆಗೂ ಹಿಂದುಳಿದಿತ್ತು. ಅಮೆರಿಕದಲ್ಲಿ 2012ರಲ್ಲಿ ರಾಷ್ಟ್ರಮಟ್ಟದ ಮೌಲ್ಯಮಾಪನದ ಅಂಗವಾಗಿ ನಾಲ್ಕನೆಯ ತರಗತಿಯವರಿಗೆ ಕಂಪ್ಯೂಟರಿನ ಮೇಲೆ ಪ್ರಾಯೋಗಿಕವಾಗಿ ಬರವಣಿಗೆಯ ಪರೀಕ್ಷೆ ನಡೆಸಿದಾಗ, ಮೊದಲೇ ಚೆನ್ನಾಗಿ ಬರೆಯುತ್ತಿದ್ದ ಮಕ್ಕಳಿಗೆ ಅನುಕೂಲವಾಯಿತು, ಉಳಿದವರಿಗೆ ಆಗಲಿಲ್ಲ. ಎರಡು ಗುಂಪುಗಳ ನಡುವಿನ ಅಂತರ ಹೆಚ್ಚಿತು. ಅಕ್ಷರ ಎಲ್ಲಿದೆ ಎಂದು ಹುಡುಕುವುದರಲ್ಲೇ ಗಮನ ಮುಗಿದುಹೋದ ಮಗುವಿಗೆ ಮುಂದಿನ ವಾಕ್ಯವನ್ನು ಯೋಚಿಸಲು ಗಮನ ಉಳಿಯುವುದಿಲ್ಲ ಎಂಬುದು ಇದರ ಸರಳ ಕಾರಣ. ಹಾಗಾಗಿ ಕೀಲಿಮಣೆಯ ಮೇಲೆ ನೇರವಾಗಿ ರಚಿಸಲು ಮಕ್ಕಳಿಗೆ ಹೇಳುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಎಲ್ಲರಿಗೂ ಬಾಯಿಪಾಠವಿರುವ ಒಂದೆರಡು ಸಾಲನ್ನು ಪ್ರತಿಯೊಂದು ಮಗು ಎರಡು ನಿಮಿಷ ಕೈಯಲ್ಲೂ ಎರಡು ನಿಮಿಷ ಕೀಲಿಮಣೆಯಲ್ಲೂ ಬರೆಯಲಿ. ಎರಡರ ಅಕ್ಷರಗಳನ್ನು ಎಣಿಸಿದರೆ ಯಾವ ಮಗು ಎಲ್ಲಿ ನಿಂತಿದೆ ಎಂದು ತಿಳಿಯುತ್ತದೆ. ಕೀಲಿಮಣೆಯ ವೇಗ ಕೈಯ ವೇಗದ ಹತ್ತಿರ ಬರುವವರೆಗೆ ಆ ಮಗು ಮೊದಲ ಕರಡನ್ನು ಕಾಗದದ ಮೇಲೆಯೇ ಮಾಡಲಿ.

ಕೀಲಿಮಣೆಯ ಅಭ್ಯಾಸಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು, ಆದರೆ ಬಿಡದೆ ನಡೆಯಬೇಕು. ಇಲ್ಲಿ ನಮ್ಮ ಲಿಪಿಗೆ ಸಂಬಂಧಿಸಿದ ಒಂದು ತೊಡಕನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಇಂಗ್ಲಿಷಿನ ಅನುಭವದಿಂದ ಹುಟ್ಟಿದ ಮಾರ್ಗದರ್ಶಿಗಳಲ್ಲಿ ಇದು ಸಿಗುವುದಿಲ್ಲ. ಕೈಯಲ್ಲಿ ‘ಅಕ್ಕಿ’ ಎಂದು ಬರೆಯುವ ಮಗು ಮೊದಲು ‘ಕಿ’ ಬರೆದು ಆಮೇಲೆ ಒತ್ತು ಕೊಡುತ್ತದೆ. ಕೀಲಿಮಣೆಯಲ್ಲಿ ಕ್ರಮ ಬೇರೆ: ಕ, ಅದನ್ನು ಮುಂದಿನ ವ್ಯಂಜನಕ್ಕೆ ಸೇರಿಸುವ ಕೀಲಿ, ಇನ್ನೊಂದು ಕ, ಕೊನೆಯಲ್ಲಿ ಗುಡಿಸು. ‘ಸೂರ್ಯ’ ಎಂಬಲ್ಲಿ ಕೈ ‘ಯ’ ಬರೆದು ನಂತರ ಅರ್ಕಾವೊತ್ತು ಹಾಕುತ್ತದೆ. ಕೀಲಿಮಣೆಗೆ ಮೊದಲು ‘ರ’ ಬೇಕು, ನಾಲಿಗೆ ಉಚ್ಚರಿಸುವ ಕ್ರಮದಲ್ಲಿ. ಎಂದರೆ ಯಂತ್ರ ಕಿವಿಗೆ ಕೇಳುವ ಕ್ರಮವನ್ನು ಅನುಸರಿಸುತ್ತದೆ, ಕೈ ಕಣ್ಣಿಗೆ ಕಾಣುವ ಕ್ರಮವನ್ನು. ಇದನ್ನು ಹೇಳಿಕೊಡದಿದ್ದರೆ ಚುರುಕಾದ ಮಗುವೂ ಒತ್ತಕ್ಷರ ಬಂದಲ್ಲೆಲ್ಲ ಎಡವುತ್ತದೆ, ತನಗೆ ಕಾಗುಣಿತವೇ ಬಾರದೆಂದು ನಂಬಿಬಿಡುತ್ತದೆ. ಹೇಳಿಕೊಟ್ಟರೆ ಇದೇ ತೊಡಕು ಒಂದು ಪಾಠವಾಗುತ್ತದೆ: ಪದವನ್ನು ನಿಧಾನವಾಗಿ ಉಚ್ಚರಿಸಿ, ಕೇಳಿದ ಧ್ವನಿಗಳನ್ನು ಸಾಲಾಗಿ ಒತ್ತುವ ಆಟವಾಗಿ ಮಕ್ಕಳು ಇದನ್ನು ಬಹಳ ಇಷ್ಟಪಟ್ಟು ಮಾಡುತ್ತಾರೆ. ಮೊದಲ ಎರಡು ವಾರ ಒತ್ತಕ್ಷರಗಳಿಲ್ಲದ ಪದಗಳನ್ನೇ ಕೊಡಿ, ಆಮೇಲೆ ಸಜಾತೀಯ ಒತ್ತು, ಅದರ ನಂತರ ವಿಜಾತೀಯ, ಅರ್ಕಾವೊತ್ತು ಎಲ್ಲಕ್ಕಿಂತ ಕೊನೆಗೆ.

ಯಾವ ಕೀಲಿಮಣೆ ವಿನ್ಯಾಸ ಎಂಬ ಪ್ರಶ್ನೆಯೂ ಏಳುತ್ತದೆ. ಇನ್‌ಸ್ಕ್ರಿಪ್ಟ್ ಆಗಲಿ, ನುಡಿ ತಂತ್ರಾಂಶದ ವಿನ್ಯಾಸವಾಗಲಿ (ಎರಡೂ ಕನ್ನಡ ಅಕ್ಷರಗಳನ್ನು ಕೀಲಿಗಳಿಗೆ ಹಂಚುವ ಬಗೆಗಳು), ಒಂದನ್ನು ಆರಿಸಿ ನಾಲ್ಕೂ ಯಂತ್ರಗಳಲ್ಲಿ ಅದನ್ನೇ ಇಡಿ. ಕೀಲಿಗಳ ಮೇಲೆ ಕನ್ನಡ ಅಕ್ಷರಗಳ ಚೀಟಿ ಅಂಟಿಸಿ. ಇಡೀ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿದರೆ ಕನ್ನಡಕ್ಕೆ ಬದಲಾಗುವ ಲಿಪ್ಯಂತರ ವಿಧಾನ ದೊಡ್ಡವರಿಗೆ ಅನುಕೂಲ, ಆದರೆ ಈ ವಯಸ್ಸಿಗೆ ನಾನು ಅದನ್ನು ಒಪ್ಪುವುದಿಲ್ಲ. ಕನ್ನಡದ ಕಾಗುಣಿತವೂ ಇಂಗ್ಲಿಷ್ ಅಕ್ಷರಗಳೂ ಇನ್ನೂ ಒಟ್ಟೊಟ್ಟಿಗೆ ಗಟ್ಟಿಯಾಗುತ್ತಿರುವ ಮಗುವಿನ ತಲೆಯಲ್ಲಿ ಪ್ರತಿ ಪದಕ್ಕೂ ಒಂದು ಲಿಪಿಯನ್ನು ಇನ್ನೊಂದಕ್ಕೆ ಬದಲಿಸುವ ಹೆಚ್ಚಿನ ಹೊರೆಯನ್ನು ಹೇರುವುದು ತಪ್ಪು. ಅದೂ ಅಲ್ಲದೆ ಅಲ್ಲಿ ತಂತ್ರಾಂಶ ಪಟ್ಟಿ ಕೊಡುತ್ತದೆ, ಮಗು ಆರಿಸುತ್ತದೆ. ಪದ ಕಟ್ಟುವ ಕೆಲಸ ಮಗುವಿನ ಕೈ ತಪ್ಪುತ್ತದೆ.

ಇನ್ನು ನಾಲ್ಕು ಯಂತ್ರಗಳ ಮಾತು. ಇದು ಕೊರತೆ ಎಂದು ನೀವು ಭಾವಿಸಿದ್ದರೆ, ನನಗೆ ಹಾಗೆ ಕಾಣುವುದಿಲ್ಲ. ಮೂವತ್ತೆರಡು ಮಕ್ಕಳಿಗೆ ಮೂವತ್ತೆರಡು ಯಂತ್ರಗಳಿದ್ದರೆ ಪ್ರತಿ ಮಗುವೂ ತನ್ನ ಪರದೆಯೊಳಗೆ ಮುಳುಗುತ್ತದೆ, ನೀವು ಒಂದು ಯಂತ್ರದಿಂದ ಇನ್ನೊಂದಕ್ಕೆ ಓಡುತ್ತಿರುತ್ತೀರಿ. ನಾಲ್ಕಿದ್ದಾಗ ಜೋಡಿಯಾಗಿ ಕೂರಿಸುವುದು ಅನಿವಾರ್ಯ, ಮತ್ತು ಜೋಡಿಯಾಗಿ ಕೂತಾಗ ಮಕ್ಕಳು ಮಾತಾಡಲೇಬೇಕು. ತರಗತಿಯನ್ನು ಎಂಟೆಂಟು ಮಕ್ಕಳ ನಾಲ್ಕು ಗುಂಪು ಮಾಡಿ. ಒಂದು ಗುಂಪು ಯಂತ್ರಗಳ ಬಳಿ ಇರುವಾಗ ಇನ್ನೊಂದು ಗುಂಪು ನೋಟ್‌ಬುಕ್ಕಿನಲ್ಲಿ ಮೊದಲ ಕರಡು ಬರೆಯಲಿ, ಮತ್ತೊಂದು ಮುದ್ರಿತ ಕರಡನ್ನು ಪೆನ್ಸಿಲ್ ಹಿಡಿದು ಓದಲಿ, ನಾಲ್ಕನೆಯ ಗುಂಪಿನೊಂದಿಗೆ ನೀವು ಕೂತು ಒಬ್ಬೊಬ್ಬರ ಬರಹದ ಬಗ್ಗೆ ಮಾತಾಡಿ. ವಾರಕ್ಕೆ ನಾಲ್ಕು ಅವಧಿ ಸಿಕ್ಕರೆ ಪ್ರತಿ ಮಗುವಿಗೂ ಯಂತ್ರದ ಬಳಿ ಒಂದು ಪೂರ್ಣ ಅವಧಿ ಸಿಗುತ್ತದೆ. ಯಂತ್ರಗಳು ಪ್ರತ್ಯೇಕ ಕೊಠಡಿಯಲ್ಲಿ ಬೀಗದೊಳಗೆ ಇರುವುದಕ್ಕಿಂತ ತರಗತಿಯ ಒಂದು ಗೋಡೆಯ ಬದಿಯಲ್ಲಿ, ಪರದೆಗಳು ನಿಮಗೆ ಕಾಣುವಂತೆ ಇರಬೇಕು. ಬರಹದ ಬಗ್ಗೆ ಮಾತು ಹುಟ್ಟಿದ ಗಳಿಗೆಯಲ್ಲೇ ಯಂತ್ರ ಕೈಗೆ ಸಿಗಬೇಕು, ಮುಂದಿನ ಗುರುವಾರದ ಕಂಪ್ಯೂಟರ್ ಅವಧಿಗೆ ಕಾಯುವಂತಾಗಬಾರದು.

ಜೋಡಿಯಲ್ಲಿ ಒಂದು ಮಗು ತನ್ನ ಕರಡನ್ನು ಗಟ್ಟಿಯಾಗಿ ಓದಲಿ, ಇನ್ನೊಂದು ಟೈಪ್ ಮಾಡಲಿ. ಬರೆದವರಿಗಿಂತ ಬೇರೆಯವರು ಟೈಪ್ ಮಾಡುವುದರಲ್ಲಿ ಒಂದು ದೊಡ್ಡ ಲಾಭವಿದೆ: ಓದುತ್ತಿರುವ ಮಗುವಿಗೆ ತನ್ನ ವಾಕ್ಯ ಕಿವಿಗೆ ಬೀಳುತ್ತದೆ, ಅರ್ಧಕ್ಕೆ ನಿಂತ ವಾಕ್ಯ ತಾನಾಗಿ ಪೂರ್ಣವಾಗುತ್ತದೆ, ಎರಡು ಸಲ ಬಂದ ‘ಆಮೇಲೆ’ ಒಂದಾಗುತ್ತದೆ. ಟೈಪ್ ಮಾಡುತ್ತಿರುವ ಮಗು ಅರ್ಥವಾಗದಾಗ ‘ಏನು?’ ಎಂದು ಕೇಳುತ್ತದೆ. ಯಾರೂ ಹೇಳದೆ ಮೊದಲ ಪರಿಷ್ಕರಣೆ ಅಲ್ಲೇ ನಡೆದಿರುತ್ತದೆ. ಎಂಟು ಹತ್ತು ಸಾಲಿನ ಬರಹವಾದರೆ ಸಾಕು, ಪುಟಗಟ್ಟಲೆ ಬೇಡ. ಅವಧಿಯ ಅರ್ಧಕ್ಕೆ ಪಾತ್ರಗಳು ಬದಲಾಗಬೇಕು. ಮನೆಯಲ್ಲಿ ಕಂಪ್ಯೂಟರ್ ಇರುವ ಮಗು ಕೀಲಿಮಣೆಯನ್ನು ಬಿಟ್ಟುಕೊಡದೆ ಕೂರುವುದು ಎಲ್ಲ ತರಗತಿಗಳಲ್ಲೂ ಆಗುತ್ತದೆ, ಇದನ್ನು ಮೊದಲ ದಿನದಿಂದಲೇ ಗಟ್ಟಿಯಾಗಿ ತಡೆಯಿರಿ. ಬರಹ ಯಾರದೋ, ಅದರ ಬಗ್ಗೆ ಕೊನೆಯ ತೀರ್ಮಾನವೂ ಅವರದೇ ಎಂಬ ನಿಯಮವನ್ನೂ ಮೊದಲೇ ಹೇಳಿಬಿಡಿ. ಗೆಳೆಯ ಕೇಳಬಹುದು, ಸೂಚಿಸಬಹುದು. ಅಳಿಸುವ ಹಕ್ಕು ಅವನಿಗಿಲ್ಲ.

ತಂತ್ರಾಂಶದ ವಿಷಯದಲ್ಲಿ ನೀವು ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ಯೂನಿಕೋಡ್ (ಎಲ್ಲ ಯಂತ್ರಗಳೂ ಅಕ್ಷರಗಳನ್ನು ಒಂದೇ ಬಗೆಯಲ್ಲಿ ಗುರುತಿಸುವ ಸಂಕೇತ ಪದ್ಧತಿ) ಕನ್ನಡವನ್ನು ಸರಿಯಾಗಿ ತೋರಿಸುವ ಯಾವ ಸಾಮಾನ್ಯ ವರ್ಡ್ ಪ್ರೊಸೆಸರ್ ಆದರೂ ಆದೀತು. ಅಕ್ಷರಶೈಲಿ, ಬಣ್ಣ, ಚಿತ್ರಗಳನ್ನು ಕೊನೆಯ ಪ್ರತಿಯವರೆಗೆ ಮುಟ್ಟಬಾರದು. ಇಲ್ಲದಿದ್ದರೆ ಅವಧಿಯೆಲ್ಲ ಶೀರ್ಷಿಕೆಗೆ ಬಣ್ಣ ಹಚ್ಚುವುದರಲ್ಲೇ ಕಳೆಯುತ್ತದೆ. ಕಾಗುಣಿತ ಪರೀಕ್ಷಕವನ್ನು ಕರಡಿನ ಹಂತದಲ್ಲಿ ನಿಲ್ಲಿಸಿಡಿ. ಕನ್ನಡದಲ್ಲಿ ವಿಭಕ್ತಿಯೂ ಸಂಧಿಯೂ ಸೇರಿ ಬೆಳೆದ ಎಷ್ಟೋ ಸರಿಯಾದ ಪದಗಳಿಗೂ ಅದು ಕೆಂಪು ಗೆರೆ ಎಳೆಯುತ್ತದೆ, ‘ಹಲ್ಲು’ ಎಂದು ಬರೆಯಬೇಕಾದಲ್ಲಿ ‘ಹಾಲು’ ಎಂದು ಬರೆದರೆ ಸುಮ್ಮನಿರುತ್ತದೆ. ಪ್ರತಿಯೊಂದು ಕರಡನ್ನೂ ಮಗುವಿನ ಹೆಸರು ಮತ್ತು ದಿನಾಂಕದೊಂದಿಗೆ ಬೇರೆ ಬೇರೆ ಫೈಲಾಗಿ ಉಳಿಸುವ ಅಭ್ಯಾಸವನ್ನು ಮಾತ್ರ ಎಂದಿಗೂ ಬಿಡಬೇಡಿ. ಹಳೆಯ ಕರಡಿನ ಮೇಲೆಯೇ ಹೊಸದನ್ನು ಉಳಿಸಿದರೆ ಮಗು ಎಷ್ಟು ದೂರ ಬಂದಿದೆ ಎಂಬುದಕ್ಕೆ ಗುರುತೇ ಉಳಿಯುವುದಿಲ್ಲ.

ಪ್ರಿಂಟರಿನ ಅತ್ಯುತ್ತಮ ಬಳಕೆ ಕರಡುಗಳಿಗೆ ಎಂಬುದು ನಿಮಗೆ ವಿಚಿತ್ರವೆನಿಸಬಹುದು. ಸಾಲುಗಳ ನಡುವೆ ಎರಡರಷ್ಟು ಅಂತರ, ಬಲಬದಿಯಲ್ಲಿ ಅಗಲವಾದ ಅಂಚು ಬಿಟ್ಟು ಮೊದಲ ಕರಡನ್ನು ಮುದ್ರಿಸಿಕೊಡಿ. ಪರದೆಯ ಮೇಲೆ ಮಗುವಿಗೆ ಒಂದು ಸಲಕ್ಕೆ ಕೆಲವೇ ಸಾಲುಗಳು ಕಾಣುತ್ತವೆ. ಕಾಗದದ ಮೇಲೆ ಇಡೀ ಬರಹ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. ತನ್ನ ಕೈಬರಹದಲ್ಲಿ ಕಾಣದಿದ್ದ ತಪ್ಪು ಅಚ್ಚಿನ ಅಕ್ಷರದಲ್ಲಿ ಮಗುವಿಗೆ ಥಟ್ಟನೆ ಕಾಣುತ್ತದೆ, ಏಕೆಂದರೆ ಆಗ ಅದು ಬೇರೆ ಯಾರೋ ಬರೆದಂತೆ ತೋರುತ್ತದೆ. ಆ ಪುಟದ ಮೇಲೆ ಪೆನ್ಸಿಲಿನಿಂದ ಬಾಣ ಎಳೆದು, ಗುರುತು ಹಾಕಿ, ಮತ್ತೆ ಯಂತ್ರಕ್ಕೆ ಮರಳಲಿ. ನೀವೂ ಈ ಹಂತದಲ್ಲಿ ಕೆಂಪು ಶಾಯಿ ಬದಿಗಿಟ್ಟು ಅಂಚಿನಲ್ಲಿ ಒಂದೋ ಎರಡೋ ಪ್ರಶ್ನೆ ಮಾತ್ರ ಬರೆಯಿರಿ. ಕಾಗುಣಿತ ತಿದ್ದುವ ಸಮಯ ಬಂದೇ ಬರುತ್ತದೆ, ಆದರೆ ಅದು ಕೊನೆಯ ಕರಡಿನಲ್ಲಿ. ನಾಳೆ ಅಳಿಸಿಹೋಗಬಹುದಾದ ವಾಕ್ಯದ ಕಾಗುಣಿತವನ್ನು ಇಂದು ತಿದ್ದಿ ಫಲವಿಲ್ಲ.

ಪರಿಷ್ಕರಿಸಲು ಮಗುವಿಗೆ ಕಾರಣ ಬೇಕು, ಆ ಕಾರಣ ಓದುಗ. ಫ್ರಾನ್ಸಿನ ಹಳ್ಳಿಶಾಲೆಯ ಶಿಕ್ಷಕ ಸೆಲೆಸ್ಟಾಂ ಫ್ರೆನೆ 1920ರ ದಶಕದಲ್ಲೇ ತರಗತಿಗೆ ಪುಟ್ಟದೊಂದು ಮುದ್ರಣಯಂತ್ರ ತಂದಿದ್ದರು. ಮಕ್ಕಳು ತಮ್ಮ ಬದುಕಿನ ಬಗ್ಗೆ ಬರೆದುದನ್ನು ತರಗತಿ ಒಟ್ಟಾಗಿ ಓದಿ, ಆರಿಸಿ, ತಿದ್ದಿ, ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಮುದ್ರಿಸಿ ದೂರದ ಇನ್ನೊಂದು ಶಾಲೆಗೆ ಕಳುಹಿಸುತ್ತಿತ್ತು. ಅಲ್ಲಿಂದ ಉತ್ತರ ಬರುತ್ತಿತ್ತು. 1980ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಆಂಡಿ ರೂಬಿನ್ ಮತ್ತು ಬರ್ಟ್ರಾಂ ಬ್ರೂಸ್ ಪ್ರಾಥಮಿಕ ತರಗತಿಗಳಿಗಾಗಿ ರೂಪಿಸಿದ ಕ್ವಿಲ್ ಎಂಬ ತಂತ್ರಾಂಶದಲ್ಲಿಯೂ ಮಕ್ಕಳು ಪರಸ್ಪರ ಪತ್ರ ಬರೆಯಲು ಒಂದು ಅಂಚೆಚೀಲ ಇತ್ತು, ಮಕ್ಕಳ ಬರಹಗಳನ್ನು ಇಡುವ ಒಂದು ಗ್ರಂಥಾಲಯ ಇತ್ತು. ಯಂತ್ರಗಳು ಬದಲಾದರೂ ಎರಡರ ಹಿಂದಿನ ತಿಳಿವಳಿಕೆ ಒಂದೇ: ನಿಜವಾದ ಓದುಗರಿರುವ ಬರಹವನ್ನು ಮಗು ತಾನಾಗಿ ತಿದ್ದುತ್ತದೆ. ಇನ್ನೊಂದು ಶಾಲೆಯ ನಾಲ್ಕನೆಯ ತರಗತಿಯೊಂದಿಗೆ ಪತ್ರವ್ಯವಹಾರ, ಒಂದನೆಯ ತರಗತಿಯ ಮಕ್ಕಳಿಗೆ ಓದಲು ಸಣ್ಣ ಕಥೆಪುಸ್ತಕ, ತಿಂಗಳಿಗೊಂದು ನಾಲ್ಕು ಪುಟದ ತರಗತಿ ಪತ್ರಿಕೆ, ಇವುಗಳಲ್ಲಿ ಯಾವುದಾದರೂ ಒಂದನ್ನು ವರ್ಷಪೂರ್ತಿ ನಡೆಸಿ.

ಕೆಲವು ಮಕ್ಕಳಿಗೆ ಯಂತ್ರದ ಅಗತ್ಯ ಉಳಿದವರಿಗಿಂತ ಹೆಚ್ಚು. ಹೇಳಲು ಬೇಕಾದಷ್ಟಿದ್ದರೂ ಕೈ ಸಾಗದ, ಅಕ್ಷರ ತಿರುಚಿಕೊಳ್ಳುವ, ಓದು ಬರಹದಲ್ಲಿ ಕಲಿಕಾ ತೊಂದರೆ ಇರುವ ಮಕ್ಕಳ ಬಗ್ಗೆ ಚಾರ್ಲ್ಸ್ ಮ್ಯಾಕ್‌ಆರ್ಥರ್ ದೀರ್ಘಕಾಲ ಅಧ್ಯಯನ ಮಾಡಿದ್ದಾರೆ. ಬರೆದುದನ್ನು ಧ್ವನಿಯಲ್ಲಿ ಓದಿ ಹೇಳುವ ಮತ್ತು ಮುಂದಿನ ಪದವನ್ನು ಸೂಚಿಸುವ ಸೌಲಭ್ಯಗಳು ಇಂಥ ಕೆಲವು ಮಕ್ಕಳ ಕಾಗುಣಿತವನ್ನೂ ಬರಹದ ಸ್ಪಷ್ಟತೆಯನ್ನೂ ಗಮನಾರ್ಹವಾಗಿ ಸುಧಾರಿಸಿದ್ದನ್ನು ಅವರು ತೋರಿಸಿದರು. ನಿಮ್ಮ ತರಗತಿಯಲ್ಲಿ ಅಂಥ ಮಗುವಿದ್ದರೆ ಅದಕ್ಕೆ ಹೆಚ್ಚು ಸರದಿ ಕೊಡಿ, ಮೇಲೆ ನಾನು ಬೇಡವೆಂದ ಸೌಲಭ್ಯಗಳನ್ನೂ ಕೊಡಿ. ಎಲ್ಲರಿಗೂ ಸಮಾನ ನಿಮಿಷಗಳನ್ನು ಅಳೆದು ಹಂಚುವುದೇ ನ್ಯಾಯ ಎಂದು ನಾನು ಒಪ್ಪುವುದಿಲ್ಲ.

ನೀವು ಕೇಳದಿದ್ದರೂ ಪೋಷಕರು ಕೇಳಿಯೇ ಕೇಳುವ ಒಂದು ವಿಷಯವಿದೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಇಡೀ ಪ್ರಬಂಧವನ್ನು ಯಂತ್ರವೇ ಬರೆದುಕೊಡುವ ಕಾಲ ಬಂದಿದೆ. ಯುನೆಸ್ಕೋ 2023ರಲ್ಲಿ ಹೊರಡಿಸಿದ ಮಾರ್ಗದರ್ಶಿಯು ತರಗತಿಯಲ್ಲಿ ಇಂಥ ಸಾಧನಗಳ ಸ್ವತಂತ್ರ ಬಳಕೆಗೆ ಕನಿಷ್ಠ 13 ವರ್ಷದ ಮಿತಿಯನ್ನು ಸೂಚಿಸಿತು. ನಿಮ್ಮ ಮಕ್ಕಳು ಅದಕ್ಕಿಂತ ಬಹಳ ಚಿಕ್ಕವರು. ಈ ವಯಸ್ಸಿನಲ್ಲಿ ವಾಕ್ಯವನ್ನು ಕಟ್ಟುವ ಒದ್ದಾಟವೇ ಪಾಠ; ಅದನ್ನು ಇನ್ನೊಬ್ಬರು ಮಾಡಿಕೊಟ್ಟರೆ ಕಲಿಯಲು ಏನೂ ಉಳಿಯುವುದಿಲ್ಲ. ಈ ನಾಲ್ಕು ಯಂತ್ರಗಳಿಗೆ ಬರವಣಿಗೆಯ ಅವಧಿಯಲ್ಲಿ ಅಂತರ್ಜಾಲದ ಸಂಪರ್ಕವೇ ಬೇಡ.

ಸುಧಾರಣೆ ಆಗುತ್ತಿದೆಯೇ ಎಂದು ತಿಳಿಯಲು ಪ್ರತಿ ಮಗುವಿನ ಒಂದೊಂದು ಬರಹದ ಮೊದಲ ಮತ್ತು ಕೊನೆಯ ಕರಡುಗಳನ್ನು ಒಟ್ಟಿಗೆ ಪಿನ್ ಹಾಕಿ ಇಟ್ಟುಕೊಳ್ಳಿ, ತಿಂಗಳಿಗೊಮ್ಮೆ ಸಾಲದು ಎನಿಸಿದರೆ ಹದಿನೈದು ದಿನಕ್ಕೊಮ್ಮೆ. ಅವುಗಳ ಅಂದವನ್ನೂ ಉದ್ದವನ್ನೂ ನೋಡಬೇಡಿ. ಬರಹದ ನಡುವೆ ಹೊಸ ವಾಕ್ಯಗಳು ಬಂದಿವೆಯೇ, ಯಾವುದಾದರೂ ವಾಕ್ಯ ಜಾಗ ಬದಲಿಸಿದೆಯೇ, ಬೇಡವಾದ ಒಂದನ್ನಾದರೂ ಮಗು ಧೈರ್ಯ ಮಾಡಿ ತೆಗೆದಿದೆಯೇ ಎಂದು ನೋಡಿ. ಮೊದಲು ಕಾಣುವುದು ಸೇರಿಸುವುದು. ಜಾಗ ಬದಲಿಸುವುದು ತಡವಾಗಿ ಬರುತ್ತದೆ. ತೆಗೆಯುವುದು ಎಲ್ಲಕ್ಕಿಂತ ತಡ, ಈ ವಯಸ್ಸಿನಲ್ಲಿ ಹಲವರಿಗೆ ಬರದೆಯೂ ಹೋಗಬಹುದು, ಅದರಿಂದ ಕಂಗೆಡಬೇಕಾಗಿಲ್ಲ. ಮೊದಲ ಎರಡು ತಿಂಗಳು ಯಂತ್ರದ ಪರಿಚಯಕ್ಕೂ ಕೀಲಿಮಣೆಗೂ ಹೋಗುತ್ತದೆ, ಆಗ ಬರಹಗಳು ಹಿಂದಿಗಿಂತ ಚಿಕ್ಕದಾಗಿಯೇ ಕಾಣುತ್ತವೆ ಎಂದು ಮುಖ್ಯೋಪಾಧ್ಯಾಯರಿಗೂ ಪೋಷಕರಿಗೂ ಮೊದಲೇ ತಿಳಿಸಿ. ಎರಡು ನಿಮಿಷದ ಆ ಪರೀಕ್ಷೆಯನ್ನು ಮೂರನೆಯ ತಿಂಗಳ ಕೊನೆಗೆ ಮತ್ತೆ ಮಾಡಿ. ಕೀಲಿಮಣೆಯಲ್ಲಿ ಕೈಯಷ್ಟೇ ಸಲೀಸಾಗಿ ಬರೆಯುವ ಮಕ್ಕಳು ಆಗ ನಿಮಗೆ ಸಿಗುತ್ತಾರೆ, ಅವರು ಮೊದಲ ಕರಡನ್ನೂ ಯಂತ್ರದ ಮೇಲೆಯೇ ಆರಂಭಿಸಲಿ, ಉಳಿದವರು ಇನ್ನಷ್ಟು ಕಾಲ ನೋಟ್‌ಬುಕ್ಕಿನಿಂದಲೇ ಮುಂದುವರಿಯಲಿ.